ಸಲಿಂಗ ಜೋಡಿಗಳ ಹಕ್ಕಿಗಾಗಿ ಶಾಸಕರು, ಸಂಸದರ ಬಾಗಿಲು ತಟ್ಟುವುದು ಹೇಗೆ?

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಕಾನೂನು ಮಾಡುವುದು ಶಾಸನಸಭೆಗಳ ಕೆಲಸ ಎಂದಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಅಲ್ಲಿಂದೀಚೆಗೆ ಓದುಗರು ಕೇಳುತ್ತಿರುವುದು ಒಂದೇ ಪ್ರಶ್ನೆ. ಕೋರ್ಟು ನಮ್ಮ ಕೆಲಸ ಅಲ್ಲ ಅಂದ ಮೇಲೆ ನಾವು ಯಾರ ಹತ್ತಿರ ಹೋಗುವುದು? ಹೋದರೆ ಏನಂತ ಕೇಳುವುದು?

ರಾಜಕಾರಣಿಗಳ ಹತ್ತಿರವೇ ಹೋಗಬೇಕು. 'ಅವರೆಲ್ಲಿ ಕೇಳ್ತಾರೆ ಬಿಡಿ' ಅನ್ನುವವರಿಗೆ ಒಂದು ಹಳೆಯ ಲೆಕ್ಕ ಹೇಳುತ್ತೇನೆ. 2015ರ ಡಿಸೆಂಬರ್‌ನಲ್ಲಿ ಸಂಸದ ಶಶಿ ತರೂರ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮನ್ನು ತಿದ್ದುವ ಖಾಸಗಿ ವಿಧೇಯಕ ತಂದರು. ಖಾಸಗಿ ವಿಧೇಯಕ ಅಂದರೆ ಮಂತ್ರಿಯಲ್ಲದ ಸದಸ್ಯರು ತಾವಾಗಿ ಮಂಡಿಸುವ ಮಸೂದೆ. ಅದನ್ನು ಮಂಡಿಸುವುದಕ್ಕೇ ಲೋಕಸಭೆ ಬಿಡಲಿಲ್ಲ. ಪರವಾಗಿ 24, ವಿರುದ್ಧ 71 ಮತ ಬಿದ್ದವು. 2016ರ ಮಾರ್ಚ್‌ನಲ್ಲಿ ಮತ್ತೆ ತಂದಾಗ ಪರ 14, ವಿರುದ್ಧ 58. ಸೋಲು ಅಂತ ಎಲ್ಲರಿಗೂ ಕಾಣುತ್ತದೆ. ನನಗೆ ಕಾಣುವುದು ಬೇರೆ. ಐನೂರಕ್ಕೂ ಜಾಸ್ತಿ ಸದಸ್ಯರಿರುವ ಸದನದಲ್ಲಿ ಮತ ಹಾಕಿದವರು ನೂರು ಜನರೂ ಇರಲಿಲ್ಲ. ಉಳಿದವರು ವಿರೋಧಿಗಳಲ್ಲ, ಪರವೂ ಅಲ್ಲ. ಈ ವಿಷಯದಲ್ಲಿ ಅವರನ್ನು ಅವರ ಕ್ಷೇತ್ರದವರು ಯಾರೂ ಕೇಳಿರಲಿಲ್ಲ, ಅಷ್ಟೇ. ಸುಮ್ಮನಿದ್ದರೆ ಅವರಿಗೆ ಯಾವ ನಷ್ಟವೂ ಇರಲಿಲ್ಲ.

ಆ ಮೌನವನ್ನು ಸ್ವಲ್ಪ ಕಷ್ಟದ್ದಾಗಿ ಮಾಡುವುದೇ ನಿಮ್ಮ ಕೆಲಸ. ಅದಕ್ಕೆ ದೊಡ್ಡ ಸಂಘ ಬೇಡ, ದುಡ್ಡೂ ಜಾಸ್ತಿ ಬೇಡ. ಒಂದೇ ಕ್ಷೇತ್ರದ ಆರೇಳು ಮತದಾರರು, ಒಂದು ಪುಟದ ಮನವಿ, ಒಂದು ನೋಟ್‌ಬುಕ್ಕು, ಫೋನ್ ಮಾಡಿದರೆ ಸಿಗುವ ಒಬ್ಬ ವಕೀಲರು, ಜೊತೆಗೆ ಒಂದು ವರ್ಷದ ತಾಳ್ಮೆ ಇದ್ದರೆ ಶುರು ಮಾಡಬಹುದು.

1. ಯಾರ ಕೈಯಲ್ಲಿ ಏನಿದೆ ಅಂತ ಮೊದಲು ತಿಳಿಯಿರಿ

ಮದುವೆ, ದತ್ತು, ಉತ್ತರಾಧಿಕಾರ ಇವು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ ಇದು. ಆದರೆ ಯಾವ ಧರ್ಮದವರೂ ಮದುವೆ ನೋಂದಾಯಿಸಬಹುದಾದ ವಿಶೇಷ ವಿವಾಹ ಕಾಯ್ದೆ, 1954 ಸಂಸತ್ತು ಮಾಡಿದ್ದು. ವ್ಯವಹಾರದಲ್ಲಿ ಮದುವೆಯ ಮಾತು ದೆಹಲಿಯದ್ದು, ಅಂದರೆ ಸಂಸದರದ್ದು.

ಪೊಲೀಸ್, ಸರ್ಕಾರಿ ಆಸ್ಪತ್ರೆ ರಾಜ್ಯದ ಕೈಯಲ್ಲಿವೆ. ಪಡಿತರ ಚೀಟಿ ಕೊಡುವುದೂ ರಾಜ್ಯದ ಆಹಾರ ಇಲಾಖೆಯೇ. ಇವುಗಳಿಗೆ ಶಾಸಕರು, ವಿಧಾನ ಪರಿಷತ್ ಸದಸ್ಯರು, ರಾಜ್ಯದ ಮಂತ್ರಿಗಳು ಬೇಕು. ಕರ್ನಾಟಕದಲ್ಲಿ ವಿಧಾನಸಭೆಗೆ 224, ಪರಿಷತ್ತಿಗೆ 75 ಸದಸ್ಯರಿದ್ದಾರೆ. ಪರಿಷತ್ತಿನವರನ್ನು ಮರೆಯಬೇಡಿ. ಪದವೀಧರ, ಶಿಕ್ಷಕರ ಕ್ಷೇತ್ರಗಳಿಂದ ಬಂದವರಿಗೆ ಬೀದಿ ದೀಪ, ಚರಂಡಿಯ ಒತ್ತಡ ಕಡಿಮೆ. ಕೂತು ಕೇಳುವ ವ್ಯವಧಾನ ಜಾಸ್ತಿ.

ಎಡವುವ ಜಾಗ: ಶಾಸಕರ ಹತ್ತಿರ ಹೋಗಿ 'ನಮಗೆ ಮದುವೆ ಹಕ್ಕು ಕೊಡಿಸಿ' ಅನ್ನುವುದು. 'ಅದು ಸೆಂಟ್ರಲ್ ಗೌರ್ಮೆಂಟ್‌ದಪ್ಪಾ' ಅಂತ ಖುಷಿಯಾಗಿ ಹೇಳಿ ಎರಡೇ ನಿಮಿಷದಲ್ಲಿ ಕಳಿಸುತ್ತಾರೆ. ಅವರು ಹೇಳಿದ್ದು ನಿಜವೇ ಆದ್ದರಿಂದ ನೀವೂ ಏನೂ ಮಾತಾಡುವಂತಿಲ್ಲ.

2. ಒಂದೇ ಒಂದು ಬೇಡಿಕೆ ಆರಿಸಿ

ಇಡೀ ಲೇಖನದಲ್ಲಿ ನೀವು ನಿಧಾನವಾಗಿ ಓದಬೇಕಾದ ಭಾಗ ಇದು. ಹೆಚ್ಚಿನ ತಂಡಗಳು ಸೋಲುವುದು ಇಲ್ಲೇ. ಹನ್ನೆರಡು ಬೇಡಿಕೆಗಳ ಪಟ್ಟಿ ಕೊಟ್ಟರೆ ರಾಜಕಾರಣಿ 'ಎಲ್ಲಾ ಒಳ್ಳೇದೇ, ನೋಡೋಣ' ಅಂತಾರೆ. ಒಂದೇ ಕೊಟ್ಟರೆ ಹೌದು ಅಥವಾ ಇಲ್ಲ ಅನ್ನಲೇಬೇಕಾಗುತ್ತದೆ.

ಒಳ್ಳೆಯ ಬೇಡಿಕೆಯನ್ನು ಗುರುತಿಸುವುದು ಸುಲಭ. ಅದು ಆ ವ್ಯಕ್ತಿಯ ಒಂದು ಸಹಿಯಿಂದಲೋ, ಒಂದು ಪ್ರಶ್ನೆಯಿಂದಲೋ ಶುರುವಾಗಬೇಕು. ಆರು ತಿಂಗಳಲ್ಲಿ ಆಯಿತೋ ಇಲ್ಲವೋ ಅಂತ ನೀವು ಪರೀಕ್ಷಿಸುವಂತಿರಬೇಕು. ಅದನ್ನು ಮಾಡಿದ್ದಕ್ಕೆ ಅವರು ತಮ್ಮ ಪಕ್ಷದಲ್ಲಿ ಬೈಸಿಕೊಳ್ಳುವಂತಿರಬಾರದು. 'ಸಮಾನತೆ ಕೊಡಿ' ಎಂಬುದು ಬೇಡಿಕೆಯಲ್ಲ, ಘೋಷಣೆ.

ಈಗ ತೆರೆದಿರುವ ಕೆಲವು ದಾರಿಗಳು ಇವು.

ಪಡಿತರ ಚೀಟಿ. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ, 2024ರ ಏಪ್ರಿಲ್‌ನಲ್ಲಿ ಇಂಥ ಜೋಡಿಗಳಿಗೆ ಸಿಗಬೇಕಾದ ಸೌಲಭ್ಯಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಅದೇ ವರ್ಷ ಕೇಂದ್ರದ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೂ ಬರೆಯಿತು. ಒಟ್ಟಿಗೆ ಬಾಳುತ್ತಿರುವ ಸಲಿಂಗ ಸಂಗಾತಿಗಳನ್ನು ಪಡಿತರ ಚೀಟಿಯ ಮಟ್ಟಿಗೆ ಒಂದೇ ಮನೆಯವರೆಂದು ಪರಿಗಣಿಸಿ ಎಂಬುದು ಆ ಪತ್ರದ ಸಾರ. ಶಾಸಕರು ಇಲ್ಲಿ ಹೊಸ ಕಾನೂನು ಕೇಳಬೇಕಿಲ್ಲ. ದೆಹಲಿಯಿಂದ ಬಂದ ಪತ್ರವನ್ನು ನಮ್ಮ ತಾಲ್ಲೂಕಿಗೆ ಇಳಿಸಿ ಅಂದರೆ ಸಾಕು. ಯಾವ ಪಕ್ಷದವರಿಗೂ ಇದು ಇಕ್ಕಟ್ಟಲ್ಲ.

ಆಸ್ಪತ್ರೆ ಮತ್ತು ಶವ. ಸಂಗಾತಿ ತೀರಿಹೋದಾಗ ಹತ್ತಿರದ ಬಂಧುಗಳು ಸಿಗದಿದ್ದರೆ ಶವವನ್ನು ಜೊತೆಗಾರರಿಗೆ ಕೊಡುವ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯವೂ 2024ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಬರೆದಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯ ಶವಾಗಾರದ ಸಿಬ್ಬಂದಿಗೆ ಅದು ಗೊತ್ತಿದೆಯಾ? ಒಂದು ಸುತ್ತೋಲೆ ಕೇಳಿ. ಇದು ಎದೆಗೆ ನಾಟುವ ಬೇಡಿಕೆ. ಮದುವೆ ಅಂದರೆ ಮುಖ ಸಿಂಡರಿಸುವವರೂ 'ಹೆಣ ಕೊಡಲ್ಲ ಅನ್ನೋದು ಅನ್ಯಾಯ' ಅನ್ನುತ್ತಾರೆ.

ಬ್ಯಾಂಕ್. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಅಂತ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಇದಕ್ಕೆ ರಾಜಕಾರಣಿ ಬೇಡ. ಆ ಪತ್ರದ ಪ್ರತಿ ಹಿಡಿದು ಮ್ಯಾನೇಜರ್ ಹತ್ತಿರ ಹೋದರೆ ಸಾಕು.

ಪೊಲೀಸ್. ತಮಿಳುನಾಡು 2022ರಲ್ಲಿ ಪೊಲೀಸರ ನಡತೆ ನಿಯಮ ತಿದ್ದಿ, ಲೈಂಗಿಕ ಅಲ್ಪಸಂಖ್ಯಾತರಿಗೆ ಕಿರುಕುಳ ಕೊಡಬಾರದೆಂದು ಸೇರಿಸಿತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದ ಫಲ ಅದು. ಅಂಥದ್ದೇ ಒಂದು ಸಾಲು ಇಲ್ಲಿಯೂ ಬೇಕು ಅಂತ ಕೇಳಬಹುದು. ನಿಯಮ ತಿದ್ದುವುದಕ್ಕೆ ಕಾಯ್ದೆ ತಿದ್ದಿದಷ್ಟು ರಗಳೆ ಇಲ್ಲ. ಕರ್ನಾಟಕವೇ 2021ರಲ್ಲಿ, ಹೈಕೋರ್ಟಿನಲ್ಲಿ ಅರ್ಜಿ ನಡೆಯುತ್ತಿದ್ದಾಗ, ನೇಮಕಾತಿ ನಿಯಮ ತಿದ್ದಿ ತೃತೀಯ ಲಿಂಗಿಗಳಿಗೆ ಶೇ 1 ಮೀಸಲಾತಿ ತಂದಿದೆ.

'ಸರಿಪಡಿಸುವ' ಚಿಕಿತ್ಸೆ. ಸಲಿಂಗಿಗಳನ್ನು ಬದಲಾಯಿಸುತ್ತೇವೆಂದು ಔಷಧಿ, ಕೌನ್ಸೆಲಿಂಗ್ ಕೊಡುವುದು ವೃತ್ತಿಪರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಆ ಮಾತು ನಮ್ಮ ಊರಿನ ವೈದ್ಯರಿಗೆ ಮುಟ್ಟಿದೆಯಾ ಅಂತ ಆರೋಗ್ಯ ಸಚಿವರನ್ನು ಕೇಳುವ ಪ್ರಶ್ನೆಯನ್ನು ಯಾವ ಶಾಸಕರೂ ಕೇಳಬಹುದು.

ಸಂಸದರಿಗಾದರೆ: ಆ ಸಂಪುಟ ಕಾರ್ಯದರ್ಶಿ ಸಮಿತಿ ಎಷ್ಟು ಸಲ ಸೇರಿತು, ಏನು ಶಿಫಾರಸು ಮಾಡಿತು ಅಂತ ಸದನದಲ್ಲಿ ಪ್ರಶ್ನೆ ಕೇಳಿಸಿ. ಖಾಸಗಿ ವಿಧೇಯಕವೂ ಒಂದು ದಾರಿ. ಸಂಸದೆ ಸುಪ್ರಿಯಾ ಸುಳೆ 2022ರಲ್ಲಿ, ಸಲಿಂಗ ಮದುವೆಗೂ ಅವಕಾಶ ಆಗುವಂತೆ ವಿಶೇಷ ವಿವಾಹ ಕಾಯ್ದೆ ತಿದ್ದುವ ಮಸೂದೆ ಮಂಡಿಸಿದ್ದರು. ಖಾಸಗಿ ವಿಧೇಯಕ ಪಾಸಾಗುವುದು ತೀರಾ ಅಪರೂಪ. ಆದರೆ ಸಂಸದ ತಿರುಚಿ ಶಿವ ಅವರ ತೃತೀಯ ಲಿಂಗಿಗಳ ಹಕ್ಕುಗಳ ಮಸೂದೆ 2015ರ ಏಪ್ರಿಲ್‌ನಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿ, ಸರ್ಕಾರ ತನ್ನದೇ ಮಸೂದೆ ತರುವಂತೆ ಮಾಡಿತು. ಆಮೇಲೆ ಬಂದ ಕಾಯ್ದೆ ಸಮುದಾಯ ಕೇಳಿದ್ದ ಹಾಗೆ ಇರಲಿಲ್ಲ ಅನ್ನುವುದು ಬೇರೆ ಮಾತು.

3. ಭೇಟಿಗೆ ಮೊದಲು ಆರ್‌ಟಿಐ ಹಾಕಿ

ಕೈಯಲ್ಲಿ ಕಾಗದ ಇಲ್ಲದೆ ಹೋದರೆ ನಿಮ್ಮದು ದೂರು. ಕಾಗದ ಇದ್ದರೆ ಅದು ವಿಷಯ. ಹಾಗಾಗಿ ಮೊದಲ ಹೆಜ್ಜೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹೀಗೆ ಬರೆಯಿರಿ:

'ಸಲಿಂಗ ಸಂಗಾತಿಗಳನ್ನು ಪಡಿತರ ಚೀಟಿಯ ಉದ್ದೇಶಕ್ಕೆ ಒಂದೇ ಕುಟುಂಬವೆಂದು ಪರಿಗಣಿಸುವ ಬಗ್ಗೆ ಕೇಂದ್ರ ಆಹಾರ ಮತ್ತು ಸಾರ್ವಜನಿಕ ವಿತರಣಾ ಇಲಾಖೆಯು 2024ರಲ್ಲಿ ರಾಜ್ಯಕ್ಕೆ ಬರೆದ ಪತ್ರದ ಪ್ರತಿ, ಅದರ ಮೇಲೆ ತಮ್ಮ ಇಲಾಖೆ ಹೊರಡಿಸಿದ ಸುತ್ತೋಲೆಯ ಪ್ರತಿ, ಸುತ್ತೋಲೆ ಹೊರಡಿಸಿಲ್ಲದಿದ್ದರೆ ಸಂಬಂಧಿತ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಒದಗಿಸಿ.'

ಟಿಪ್ಪಣಿ ಹಾಳೆ ಅಂದರೆ ಕಡತ ಮೇಜಿನಿಂದ ಮೇಜಿಗೆ ಹೋಗುವಾಗ ಅಧಿಕಾರಿಗಳು ಬರೆಯುವ ಷರಾ. ಯಾವ ಮೇಜಿನ ಮೇಲೆ ಕೂತಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಎಡವುವ ಜಾಗ: 'ಯಾಕೆ ಮಾಡಿಲ್ಲ?' ಅಂತ ಕೇಳುವುದು. ಆರ್‌ಟಿಐನಲ್ಲಿ ಸಿಗುವುದು ದಾಖಲೆ, ವಿವರಣೆಯಲ್ಲ. 'ಯಾಕೆ' ಅಂದರೆ ಅರ್ಜಿ ವಾಪಸ್ ಬರುತ್ತದೆ. ಇನ್ನೊಂದು, ಕಾಯ್ದೆಯ 6(2)ನೇ ಕಲಮಿನ ಪ್ರಕಾರ ಯಾವ ಕಾರಣಕ್ಕೆ ಮಾಹಿತಿ ಬೇಕು ಅಂತ ನೀವು ಹೇಳಬೇಕಿಲ್ಲ. ಆದರೆ ವಿಳಾಸ ಕೊಡಲೇಬೇಕು. ಮನೆಯಲ್ಲಿ ವಿಷಯ ಗೊತ್ತಿಲ್ಲದವರು ಸುಮ್ನೆ ತಮ್ಮ ಹೆಸರಲ್ಲಿ ಹಾಕಬೇಡಿ. ಇಲಾಖೆಯ ಲಕೋಟೆ ಅಪ್ಪನ ಕೈಗೆ ಸಿಕ್ಕೀತು. ತಂಡದ ಬೇರೆಯವರು, ಅಥವಾ ವಕೀಲರು ಹಾಕಲಿ.

ಉತ್ತರ ಬರುವಷ್ಟರಲ್ಲಿ ನಿಮ್ಮ ಸಂಸದರು ಸದನದಲ್ಲಿ ಏನೇನು ಕೇಳಿದ್ದಾರೆ ನೋಡಿ. ಸಂಸತ್ತಿನ ಜಾಲತಾಣದಲ್ಲಿ ಸದಸ್ಯರ ಹೆಸರು ಹಾಕಿದರೆ ಎಲ್ಲ ಪ್ರಶ್ನೆಗಳೂ ಸಿಗುತ್ತವೆ. ಆರೋಗ್ಯದ ಬಗ್ಗೆ ಜಾಸ್ತಿ ಕೇಳುವವರಿಗೆ ಆಸ್ಪತ್ರೆಯ ಬೇಡಿಕೆ ಕೊಡಿ, ಪಡಿತರದ್ದಲ್ಲ.

4. ತಂಡ: ಯಾರು ಮಾತಾಡಬೇಕು, ಯಾರು ಮುಂದೆ ಬರಬಾರದು

ರಾಜಕಾರಣಿ ಮೊದಲು ನೋಡುವುದು ಇವರು ನನ್ನ ಕ್ಷೇತ್ರದವರಾ ಅಂತ. ಬೆಂಗಳೂರಿಂದ ಹೋದ ಹತ್ತು ಹೋರಾಟಗಾರರಿಗಿಂತ ಅದೇ ಊರಿನ ಮೂವರು ಮತದಾರರ ಮಾತಿಗೆ ತೂಕ ಜಾಸ್ತಿ. ವೋಟರ್ ಐಡಿ ಜೇಬಲ್ಲಿರಲಿ.

ಎರಡನೆಯದು, ಅಪ್ಪ ಅಮ್ಮ. ಮದುವೆ ಪ್ರಕರಣದ ವಿಚಾರಣೆ ನಡೆಯುತ್ತಿದ್ದಾಗ, 2023ರ ಏಪ್ರಿಲ್‌ನಲ್ಲಿ, ನಾನೂರಕ್ಕೂ ಹೆಚ್ಚು ಪೋಷಕರು ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. 'ಸ್ವೀಕಾರ್' ಎಂಬ ಪೋಷಕರ ಗುಂಪಿನವರು ಅವರು. ಕೋರ್ಟಿನಲ್ಲಿ ಅದರಿಂದ ಏನಾಯಿತು ಅನ್ನುವುದಕ್ಕಿಂತ, ರಾಜಕಾರಣಿಯ ಮುಂದೆ ಅದು ಏನು ಮಾಡುತ್ತದೆ ಯೋಚಿಸಿ. 'ಇದು ಹೊರಗಿನವರ ಫ್ಯಾಷನ್' ಎಂಬ ಮಾತನ್ನು ಅರವತ್ತು ದಾಟಿದ ತಾಯಿಯೊಬ್ಬರ ಮುಖ ನೋಡಿ ಹೇಳುವುದು ಕಷ್ಟ. ಪೋಷಕರು ಸಿಗದಿದ್ದರೆ ಅಕ್ಕ, ಮೇಷ್ಟ್ರು, ನಿವೃತ್ತ ನೌಕರರು, ಮಹಿಳಾ ಸಂಘದವರು ಯಾರಾದರೂ ಸರಿ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ:

• ಯಾರ ಗುಟ್ಟನ್ನೂ ಅವರ ಅನುಮತಿ ಇಲ್ಲದೆ ಹೊರಗೆ ಹೇಳಬೇಡಿ. ಆ ರಾಜಕಾರಣಿಯ ಮಗನೋ, ಪಿಎಯೋ ಸಲಿಂಗಿ ಅಂತ ನಿಮಗೆ ಗೊತ್ತಿದ್ದರೂ ಅದು ನಿಮ್ಮ ಅಸ್ತ್ರವಲ್ಲ. ಅದು ಬೆದರಿಕೆ.
• ಫೋಟೋ ತೆಗೆಯುವ ಮುಂಚೆ ಪ್ರತಿಯೊಬ್ಬರನ್ನೂ ಕೇಳಿ. ರಾಜಕಾರಣಿಯ ಕಚೇರಿಯವರು ತೆಗೆದ ಫೋಟೋ ಸಂಜೆಯೊಳಗೆ ಫೇಸ್‌ಬುಕ್ಕಲ್ಲಿರುತ್ತದೆ. ಬೇಡದವರು ಆ ಹೊತ್ತಿಗೆ ಹೊರಗೆ ನಿಲ್ಲಲಿ.
• 18 ತುಂಬದವರನ್ನು ಕರೆದೊಯ್ಯಬೇಡಿ. 'ಮಕ್ಕಳನ್ನು ಕೆಡಿಸ್ತಾರೆ' ಅನ್ನಲು ಕಾಯುತ್ತಿರುವವರಿಗೆ ಅಷ್ಟೇ ಸಾಕು.
• ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ. ರಾಜಕೀಯ ಚಟುವಟಿಕೆ, ಪ್ರತಿಭಟನೆಯಲ್ಲಿ ಅವರು ಕಾಣಿಸಿಕೊಂಡರೆ ನೋಟಿಸ್ ಬಂದೀತು. ಅವರು ಮನೆಯಲ್ಲಿ ಕೂತು ಮನವಿ ಬರೆಯಲಿ, ಒಳ್ಳೆಯ ಕನ್ನಡ ಅವರಿಗೇ ಬರುತ್ತದೆ.
• ವಿದೇಶದ ಗೆಳೆಯರು ದುಡ್ಡು ಕಳಿಸುತ್ತೇನೆ ಅಂದರೆ ಬೇಡ ಅನ್ನಿ. ವಿದೇಶಿ ದೇಣಿಗೆ ಕಾನೂನಿನಡಿ ನೋಂದಣಿ ಇಲ್ಲದೆ ಸಂಘದ ಹೆಸರಲ್ಲಿ ಅದನ್ನು ತೆಗೆದುಕೊಳ್ಳುವಂತಿಲ್ಲ.

ಬೆದರಿಕೆ ಬಂದರೆ ಉಚಿತ ಕಾನೂನು ನೆರವಿಗೆ 15100 ಸಂಖ್ಯೆಗೆ ಫೋನ್ ಮಾಡಬಹುದು. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಪ್ಪಿದ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಮೇ ಇಲ್ಲ. ಯಾರಾದರೂ '377 ಹಾಕಿಸ್ತೀನಿ' ಅಂತ ಹೆದರಿಸಿದರೆ ಇದು ನೆನಪಿರಲಿ.

5. ಮನವಿ ಪತ್ರ ಬರೆಯಿರಿ

ಒಂದು ಪುಟ, ಕನ್ನಡದಲ್ಲಿ, ಟೈಪ್ ಮಾಡಿ. ಇಂಗ್ಲಿಷಿನ ಉದ್ದುದ್ದ ಅಕ್ಷರಮಾಲೆ ಹಾಕಿದರೆ ಪಿಎ ಅಲ್ಲೇ ನಿಲ್ಲುತ್ತಾರೆ. 'ಸಲಿಂಗ ಸಂಗಾತಿಗಳು', 'ಲೈಂಗಿಕ ಅಲ್ಪಸಂಖ್ಯಾತರು' ಅಂದರೆ ಎಲ್ಲರಿಗೂ ತಿಳಿಯುತ್ತದೆ. ಮಾದರಿ ಇದು:

'ಮಾನ್ಯ ಶಾಸಕರಿಗೆ,
ವಿಷಯ: ಸಲಿಂಗ ಸಂಗಾತಿಗಳಿಗೆ ಒಂದೇ ಪಡಿತರ ಚೀಟಿ ನೀಡುವ ಬಗ್ಗೆ ಸುತ್ತೋಲೆ ಹೊರಡಿಸಲು ಆಹಾರ ಸಚಿವರಿಗೆ ಪತ್ರ ಬರೆಯುವಂತೆ ಕೋರಿಕೆ.
ನಾವು ತಮ್ಮ ಕ್ಷೇತ್ರದ ಮತದಾರರು. ಕೇಂದ್ರ ಆಹಾರ ಇಲಾಖೆ 2024ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಬರೆದ ಪತ್ರವನ್ನು ಲಗತ್ತಿಸಿದ್ದೇವೆ. ಆರ್‌ಟಿಐ ಉತ್ತರದ ಪ್ರಕಾರ ಈ ಬಗ್ಗೆ ಇನ್ನೂ ಸುತ್ತೋಲೆ ಹೊರಟಿಲ್ಲ. ತಾವು ಆಹಾರ ಸಚಿವರಿಗೆ ಒಂದು ಪತ್ರ ಬರೆದು, ಅದರ ಪ್ರತಿಯನ್ನು ನಮಗೆ ಕೊಡಬೇಕಾಗಿ ವಿನಂತಿ.'

ಆರ್‌ಟಿಐ ಉತ್ತರ ಬೇರೆ ಇದ್ದರೆ ಆ ಸಾಲನ್ನು ಬದಲಾಯಿಸಿಕೊಳ್ಳಿ. ಸುತ್ತೋಲೆ ಹೊರಟೇ ಬಿಟ್ಟಿದ್ದರೆ, ಅದು ತಾಲ್ಲೂಕಿಗೆ ತಲುಪಿಲ್ಲ ಎಂಬುದೇ ನಿಮ್ಮ ವಿಷಯ.

ಪತ್ರದ ಜೊತೆಗೆ ಶಾಸಕರು ಸಚಿವರಿಗೆ ಬರೆಯಬೇಕಾದ ಪತ್ರದ ಕರಡನ್ನೂ ನೀವೇ ಮಾಡಿ ಕೊಡಿ. ಸಂಕೋಚ ಬೇಡ. ಕಚೇರಿಯಲ್ಲಿ ಟೈಪ್ ಮಾಡುವವರು ಒಬ್ಬರೋ ಇಬ್ಬರೋ. ಕರಡು ಸಿದ್ಧವಿದ್ದರೆ ಲೆಟರ್‌ಹೆಡ್ಡಿಗೆ ಹಾಕಿ ಸಹಿಗೆ ಇಡುತ್ತಾರೆ. ಇಲ್ಲದಿದ್ದರೆ ನಿಮ್ಮ ಮನವಿ ನೂರು ಮನವಿಗಳ ಕೆಳಗೆ ಹೋಗುತ್ತದೆ.

6. ಭೇಟಿ

ಮೊದಲು ಪಿಎಗೆ ಫೋನ್ ಮಾಡಿ. ವಿಷಯ ಮುಚ್ಚಿಡಬೇಡಿ, ಹಾಗಂತ ಫೋನಲ್ಲೇ ಪೂರ್ತಿ ಭಾಷಣವೂ ಬೇಡ. 'ಪಡಿತರ ಚೀಟಿ ವಿಷಯದ ಒಂದು ಮನವಿ, ಐದು ನಿಮಿಷ ಸಾಕು' ಅಂದರೆ ಆಯಿತು.

ಶಾಸಕರ ಮನೆಯ ಬೆಳಗು ಹೇಗಿರುತ್ತದೆ ನೋಡಿದ್ದೀರಾ? ಗೇಟಿನಿಂದಲೇ ಚಪ್ಪಲಿಗಳ ರಾಶಿ. ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಒಬ್ಬರ ಕೈಯಲ್ಲಿ ವರ್ಗಾವಣೆ ಪತ್ರ, ಇನ್ನೊಬ್ಬರ ಕೈಯಲ್ಲಿ ಅರಿಶಿನ ಹಚ್ಚಿದ ಲಗ್ನಪತ್ರಿಕೆ, ದೇವಸ್ಥಾನದ ಸಮಿತಿಯವರು ರಸೀದಿ ಪುಸ್ತಕ ಹಿಡಿದು ನಿಂತಿರುತ್ತಾರೆ. ಈ ಎಲ್ಲರ ಎದುರಿಗೇ ನೀವು ಮಾತಾಡಬೇಕಾಗಬಹುದು. ಅದಕ್ಕೆ ಸಿದ್ಧವಿಲ್ಲದಿದ್ದರೆ 'ಒಳಗೆ ಎರಡು ನಿಮಿಷ ಮಾತಾಡಬಹುದಾ ಸರ್' ಅಂತ ಕೇಳಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ನಾಲ್ಕೈದು ಜನ ಹೋಗಿ, ಇಬ್ಬರು ಮಾತ್ರ ಮಾತಾಡಿ, ಒಬ್ಬರು ಬರೆದುಕೊಳ್ಳಲಿ. ಮಾತಿನ ಕ್ರಮ ಹೀಗಿದ್ದರೆ ಒಳ್ಳೆಯದು:

'ಸರ್, ನಾವು ನಿಮ್ಮ ಕ್ಷೇತ್ರದವರೇ. ಇವರು ಹೈಸ್ಕೂಲಲ್ಲಿ ಪಾಠ ಮಾಡಿ ರಿಟೈರ್ ಆದ ಮೇಡಂ. ಇವರ ಮಗ ತನ್ನ ಸಂಗಾತಿ ಹುಡುಗನ ಜೊತೆ ಇದ್ದಾನೆ. ಇಬ್ಬರಿಗೂ ಒಂದೇ ರೇಷನ್ ಕಾರ್ಡ್ ಮಾಡಿಸೋಕೆ ಆಗ್ತಿಲ್ಲ. ಸೆಂಟ್ರಲ್‌ನಿಂದ ಪತ್ರ ಬಂದಿದೆ, ಇಲ್ಲಿ ಜಾರಿ ಆಗಿಲ್ಲ. ನೀವು ಮಂತ್ರಿಗಳಿಗೆ ಒಂದು ಲೆಟರ್ ಕೊಡಬೇಕು. ಕರಡು ತಂದಿದ್ದೀವಿ.'

ಅಷ್ಟೇ. ಇಷ್ಟು ಹೇಳಿ ಬಾಯಿ ಮುಚ್ಚಿ. ಈ ಮೌನ ಕಷ್ಟ, ಆದರೆ ನಂತರದ ಮಾತು ಅವರದ್ದೇ ಆಗಬೇಕು.

'ಇದೆಲ್ಲ ನಮ್ಮ ಸಂಸ್ಕೃತಿ ಅಲ್ಲವಲ್ಲ' ಅಂದರೆ? ದೇವಸ್ಥಾನದ ಶಿಲ್ಪ, ಪುರಾಣದ ಶಿಖಂಡಿ ಎಲ್ಲ ಎಳೆದು ತರಲು ಮನಸ್ಸಾಗುತ್ತದೆ. ಬೇಡ. ವಾದ ಗೆದ್ದರೂ ಸಹಿ ಸಿಗುವುದಿಲ್ಲ. 'ಇರಬಹುದು ಸರ್, ಇದು ಅಕ್ಕಿಯ ವಿಷಯ' ಅಂತ ಮತ್ತೆ ಕಾಗದಕ್ಕೆ ಬನ್ನಿ.

'ಎಷ್ಟು ಜನ ಇದ್ದೀರಿ ಇಲ್ಲಿ?' ಅಂತ ಖಂಡಿತ ಕೇಳುತ್ತಾರೆ. ಮತದ ಲೆಕ್ಕ ಅದು. ಸುಳ್ಳು ಸಂಖ್ಯೆ ಹೇಳಬೇಡಿ. 'ಹೊರಗೆ ಹೇಳಿಕೊಳ್ಳುವವರು ಕಮ್ಮಿ ಸರ್, ಆದರೆ ಪ್ರತಿಯೊಬ್ಬರ ಹಿಂದೆ ಒಂದು ಮನೆ ಇದೆ' ಅಂದರೆ ಅರ್ಥವಾಗುತ್ತದೆ.

'ಆಯ್ತು ಬಿಡಿ, ನೋಡೋಣ' ಅಂದರೆ? ಅದು ಇಲ್ಲ ಅನ್ನುವ ಮರ್ಯಾದೆಯ ರೀತಿ. 'ಹಾಗಾದ್ರೆ ಸರ್, ಲೆಟರ್ ತಗೊಳ್ಳೋಕೆ ಯಾವತ್ತು ಬರಲಿ?' ಅಂತ ದಿನ ಕೇಳಿ, ಅವರ ಎದುರಿಗೇ ನೋಟ್‌ಬುಕ್ಕಲ್ಲಿ ಬರೆದುಕೊಳ್ಳಿ.

ಹೊರಗೆ ಬರುವ ಮುಂಚೆ ಮನವಿಯ ಎರಡನೇ ಪ್ರತಿಗೆ ಸೀಲು, ದಿನಾಂಕ, ಸಹಿ ಹಾಕಿಸಿ. ಸ್ವೀಕೃತಿ ಇಲ್ಲದ ಮನವಿ ಕೊಟ್ಟೇ ಇಲ್ಲ ಅಂತ ಲೆಕ್ಕ. ಇಲಾಖೆಯಲ್ಲಾದರೆ ಟಪಾಲಿನ ಇನ್‌ವರ್ಡ್ ನಂಬರ್ ಕೇಳಿ. ಬಂದ ಕಾಗದಗಳ ರಿಜಿಸ್ಟರಿನ ಕ್ರಮಸಂಖ್ಯೆ ಅದು.

7. ಬೆನ್ನು ಬಿಡಬೇಡಿ

ಭೇಟಿಯ ಮರುದಿನ ಪಿಎಗೆ ಧನ್ಯವಾದದ ಒಂದು ವಾಟ್ಸ್‌ಆ್ಯಪ್ ಹಾಕಿ, ಕರಡನ್ನು ಮತ್ತೆ ಕಳಿಸಿ. ಹೇಳಿದ ದಿನಕ್ಕೆ ಹೋಗಿ. ಆಗಿಲ್ಲದಿದ್ದರೆ ಇನ್ನೊಂದು ದಿನ ಕೇಳಿ. ಸಿಟ್ಟು ತೋರಿಸಬೇಡಿ, ಆದರೆ ಹೋಗುವುದನ್ನು ನಿಲ್ಲಿಸಲೂ ಬೇಡಿ. ಮೂರನೇ ಸಲಕ್ಕೆ ಪಿಎಗೇ ನಿಮ್ಮ ಮೇಲೆ ಕರುಣೆಯೋ ಬೇಸರವೋ ಬಂದು ಪತ್ರ ಮಾಡಿಸಿಕೊಡುತ್ತಾರೆ. ಎರಡೂ ಆಗಬಹುದು.

ಪತ್ರದಿಂದ ಕೆಲಸ ಆಗದಿದ್ದರೆ ಸದನ. ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ. ಚುಕ್ಕೆ ಇಲ್ಲದ್ದನ್ನೇ ಕೇಳಿಸಿ. ಶಾಸಕರಿಗೆ ಮುಜುಗರ ಇರುವುದಿಲ್ಲ, ನಿಮಗೆ ಬೇಕಾದ ಲಿಖಿತ ಉತ್ತರವೂ ಸಿಗುತ್ತದೆ. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಪ್ರಶ್ನೆಯ ಕರಡು ಅವರ ಕೈಯಲ್ಲಿರಲಿ. ಸಂಸತ್ತಿನಲ್ಲಿ ಪ್ರಶ್ನೆಗೆ 15 ದಿನ ಮೊದಲೇ ಸೂಚನೆ ಕೊಡಬೇಕು. ಅಧಿವೇಶನ ಶುರುವಾದ ಮೇಲೆ ಓಡಿದರೆ ತಡವಾಯಿತು.

ಲೋಕಸಭೆಯಲ್ಲಿ ಇನ್ನೊಂದು ಬಾಗಿಲಿದೆ. ತುರ್ತಾದ ಸಾರ್ವಜನಿಕ ವಿಷಯವನ್ನು ಸದಸ್ಯರು ಚುಟುಕಾಗಿ ಎತ್ತಲು ಇರುವ ನಿಯಮ. ಅದರ ಸಂಖ್ಯೆಯೂ 377! ತಮಾಷೆ ಅಲ್ವಾ? ಆಡಳಿತ ಪಕ್ಷದ ಹಿಂದಿನ ಸಾಲಿನ ಸದಸ್ಯರೂ ಇದನ್ನು ಬಳಸುತ್ತಾರೆ.

ಅರ್ಜಿಗಳ ಸಮಿತಿಗೂ ಹೋಗಬಹುದು. ನಾಗರಿಕರು ಸದನಕ್ಕೇ ಬರೆಯುವ ಅರ್ಜಿಯನ್ನು ಪರಿಶೀಲಿಸುವ ಸದಸ್ಯರ ಸಮಿತಿ ಇದು. ಲೋಕಸಭೆಯಲ್ಲೂ ಇದೆ, ನಮ್ಮ ವಿಧಾನಸಭೆಯಲ್ಲೂ ಇದೆ. ಲೋಕಸಭೆಗೆ ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದಕ್ಕೆ ನೀವೇ ಸಹಿ ಮಾಡಿ ಜೊತೆಗಿಡಬೇಕು. ಸಂಸದರೊಬ್ಬರು ಮಂಡಿಸುವುದಾದರೆ ಅವರ ಮೇಲುಸಹಿಯೂ ಬೇಕು.

8. ಬೀದಿ, ಪತ್ರಿಕೆ, ಫೋನು

ಪ್ರತಿಭಟನೆ ಮೊದಲ ಹೆಜ್ಜೆಯಾಗಬಾರದು, ಮಾತು ಮುರಿದ ಮೇಲಿನ ಹೆಜ್ಜೆ. ಬೆಂಗಳೂರಿನಲ್ಲಿ ಅದಕ್ಕೆ ಇರುವ ಜಾಗ ಫ್ರೀಡಂ ಪಾರ್ಕ್. ಬೇರೆ ಊರುಗಳಲ್ಲಿ ಠಾಣೆಗೆ ಮೊದಲೇ ಬರೆದು ಅನುಮತಿ ಪಡೆಯಿರಿ. ಸ್ಥಳೀಯ ಪತ್ರಿಕೆಯ ವರದಿಗಾರರಿಗೆ ನಿಮ್ಮ ಆರ್‌ಟಿಐ ಉತ್ತರ ಕೊಡಿ. ಅವರಿಗೆ ಬೇಕಿರುವುದು ಸುದ್ದಿ, ಮತ್ತು ದಾಖಲೆ ಸುದ್ದಿಯೇ. ಸೋಷಿಯಲ್ ಮೀಡಿಯಾದ ಟ್ಯಾಗ್ ಸುರಿಮಳೆಯಿಂದ ಕ್ಷೇತ್ರದ ಶಾಸಕರು ಕದಲುವುದು ಕಡಿಮೆ. ಅದಕ್ಕೆ ಜಾಸ್ತಿ ಸಮಯ ಹಾಕಬೇಡಿ.

ಮನೆ ಮನೆಗೆ ಹೋಗಿ ಮಾತಾಡುವುದರಲ್ಲಿ ಫಲ ಇದೆ. ಅಮೆರಿಕದ ಮಯಾಮಿಯಲ್ಲಿ ಬ್ರೂಕ್‌ಮನ್, ಕಲ್ಲಾ ಎಂಬ ಇಬ್ಬರು ಸಂಶೋಧಕರು ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಬಾಗಿಲಲ್ಲಿ ನಿಂತು ನಡೆಸಿದ ಹತ್ತು ನಿಮಿಷದ ಮಾತುಕತೆ ಟ್ರಾನ್ಸ್ ಜನರ ಬಗ್ಗೆ ಇದ್ದ ಪೂರ್ವಗ್ರಹವನ್ನು ಕಡಿಮೆ ಮಾಡಿತ್ತು, ಮೂರು ತಿಂಗಳಾದರೂ ಆ ಬದಲಾವಣೆ ಉಳಿದಿತ್ತು. ಅವರು ಉಪನ್ಯಾಸ ಕೊಡಲಿಲ್ಲ. 'ನಿಮ್ಮನ್ನು ಯಾರಾದರೂ ಬೇರೆ ಥರ ನೋಡಿದ್ದು ನೆನಪಿದೆಯಾ?' ಎಂಬಂಥ ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಂಡರು. ಪಕ್ಷಗಳ ಬೂತ್ ಕಾರ್ಯಕರ್ತರ ಜೊತೆ ಹೀಗೆ ಮಾತಾಡಿ. 'ಕಾರ್ಯಕರ್ತರು ಒಪ್ಪಲ್ಲ' ಅನ್ನುವುದೇ ನಾಯಕರ ಮಾಮೂಲಿ ನೆಪ.

9. ಚುನಾವಣೆ ಹತ್ತಿರ ಬಂದಾಗ

ಪ್ರಣಾಳಿಕೆ ಬಿಡುಗಡೆಯ ದಿನ ಕೂಗಿ ಪ್ರಯೋಜನವಿಲ್ಲ. ಅದು ಬರೆಯುವ ಸಮಿತಿ ತಿಂಗಳುಗಳ ಮೊದಲೇ ಕೂತಿರುತ್ತದೆ. ಎಲ್ಲ ಪಕ್ಷಗಳ ಸಮಿತಿಗೂ ಒಂದೇ ಪುಟ ಕೊಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್, ವ್ಯಾಪಕ ಸಮಾಲೋಚನೆಯ ನಂತರ ಈ ಸಮುದಾಯದ ಜೋಡಿಗಳ ನಾಗರಿಕ ಒಕ್ಕೂಟಕ್ಕೆ ಕಾನೂನು ತರುವುದಾಗಿ ಹೇಳಿತ್ತು. ನಾಗರಿಕ ಒಕ್ಕೂಟ ಅಂದರೆ ಮದುವೆ ಎನ್ನದೆ, ಜೋಡಿಯೆಂದು ಸರ್ಕಾರ ನೋಂದಾಯಿಸುವ ವ್ಯವಸ್ಥೆ. ಸಿಪಿಎಂ ಕೂಡ ಸಲಿಂಗ ಜೋಡಿಗಳಿಗೆ ಕಾನೂನು ಮಾನ್ಯತೆಯ ಭರವಸೆ ಕೊಟ್ಟಿತ್ತು. ಬಿಜೆಪಿ ಪ್ರಣಾಳಿಕೆಯಲ್ಲಿ ತೃತೀಯ ಲಿಂಗಿಗಳ ಆಶ್ರಯ ಮನೆಗಳು, ಆಯುಷ್ಮಾನ್ ವಿಮೆಯ ಮಾತಿತ್ತು, ಜೋಡಿಗಳ ಮಾತಿರಲಿಲ್ಲ. ಈ ಸಾಲುಗಳನ್ನು ಕತ್ತರಿಸಿ ಇಟ್ಟುಕೊಳ್ಳಿ. ಆಯಾ ಪಕ್ಷದ ನಾಯಕರಿಗೆ ಅವರದ್ದೇ ಮಾತು ತೋರಿಸುವಷ್ಟು ಸುಲಭ ಬೇರೊಂದಿಲ್ಲ.

ಒಂದೇ ಪಕ್ಷಕ್ಕೆ ಅಂಟಿಕೊಳ್ಳಬೇಡಿ. ಆ ಪಕ್ಷ ನಿಮ್ಮನ್ನು ಹೇಗೂ ನಮ್ಮವರೇ ಅಂದುಕೊಳ್ಳುತ್ತದೆ, ಇನ್ನೊಂದು ನಿಮ್ಮನ್ನು ಎದುರಾಳಿ ಅನ್ನುತ್ತದೆ. ಇನ್ನು, ನೀತಿ ಸಂಹಿತೆ ಜಾರಿಯಾದ ಮೇಲೆ ಸರ್ಕಾರ ಹೊಸ ಘೋಷಣೆ ಮಾಡುವಂತಿಲ್ಲ. ಸುತ್ತೋಲೆ ಬೇಕಿದ್ದರೆ ಅದಕ್ಕೆ ಮುಂಚೆಯೇ ಮಾಡಿಸಿಕೊಳ್ಳಿ.

10. ಸುತ್ತೋಲೆ ಬಂದರೆ

ಸಂಭ್ರಮದ ಪೋಸ್ಟ್ ಹಾಕುವ ಮುಂಚೆ ಸುತ್ತೋಲೆಯ ಸಂಖ್ಯೆ, ದಿನಾಂಕ ಬರೆದುಕೊಂಡು ನಾಲ್ಕು ಜೆರಾಕ್ಸ್ ಮಾಡಿಸಿ. ಶಾಸಕರಿಗೆ ಧನ್ಯವಾದ ಹೇಳಿ. ಬಹಿರಂಗವಾಗಿ ಹೇಳಬಹುದಾ ಅಂತ ಅವರನ್ನೇ ಕೇಳಿ. ಕೆಲವರಿಗೆ ಹೆಸರು ಬೇಕು, ಕೆಲವರಿಗೆ ಬೇಡ. ಬೇಡ ಅಂದವರ ಹೆಸರು ಹಾಕಿದರೆ ಮುಂದಿನ ಸಲ ಆ ಬಾಗಿಲು ತೆರೆಯುವುದಿಲ್ಲ.

ಆಮೇಲೆ ಒಂದು ಜೋಡಿ ಅರ್ಜಿ ಹಾಕಲಿ. ನ್ಯಾಯಬೆಲೆ ಅಂಗಡಿಗೆ ಹೋಗಿ ಕೇಳಬೇಡಿ, ಅಂಗಡಿಯವರಿಗೆ ಅಧಿಕಾರ ಇಲ್ಲ. ತಾಲ್ಲೂಕು ಕಚೇರಿಯ ಆಹಾರ ಶಿರಸ್ತೇದಾರರನ್ನು ಕಾಣಿ. 'ಇಂಥ ಆರ್ಡರ್ ನಮಗೆ ಬಂದಿಲ್ಲ' ಅನ್ನುತ್ತಾರೆ. ಜೆರಾಕ್ಸ್ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ.